ಮರಳಿನ ಮೇಲೆ ಮೊದಲ ಗೆರೆ

ನಾನು ವಿಮಾನ ಹಾರಿಸುವವಳು ಅಂದರೆ ಜನ ಒಂದು ಸಲ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಇಳಿಸುವುದು ಸಮುದ್ರದ ದಂಡೆಯ ಮರಳಿನ ಮೇಲೆ ಅಂದರೆ ಇನ್ನೊಂದು ಸಲ ನೋಡುತ್ತಾರೆ, ಇವಳಿಗೆ ತಲೆ ಸರಿಯಿದೆಯೋ ಇಲ್ಲವೋ ಅಂತ. ಸರಿಯಾಗೇ ಇದೆ. ಇಷ್ಟು ವರ್ಷದಲ್ಲಿ ನನ್ನ ವಿಮಾನದ ಒಂದು ಚಕ್ರ ಕೂಡ ಹೂತಿಲ್ಲ. ಜಂಬ ಅಂತೀರಾ? ಅನ್ನಿ, ನನಗೇನೂ ಬೇಜಾರಿಲ್ಲ.

ನಮ್ಮ ಊರಿಗೆ ಎದುರಾಗಿ ಒಂದು ದ್ವೀಪ ಇದೆ. ಅಲ್ಲಿ ರನ್‌ವೇ ಇಲ್ಲ, ಮಾಡೋಣ ಅಂದರೆ ಅಂಗೈಯಷ್ಟು ಸಮತಟ್ಟು ಜಾಗವೂ ಇಲ್ಲ. ನೀರು ಇಳಿದಾಗ ದಂಡೆ ಉದ್ದಕ್ಕೂ ಬಯಲಾಗುತ್ತದಲ್ಲ, ಅದೇ ನಮ್ಮ ರನ್‌ವೇ. ನೀರು ಏರಿತೋ, ರನ್‌ವೇ ಮಾಯ. ಕಂಪನಿ ನಮ್ಮ ಸೋದರಮಾವನದು. ಮೂರು ಪುಟ್ಟ ವಿಮಾನ, ಮೂವರು ಪೈಲಟ್‌ಗಳು: ನಾನು, ನನ್ನ ತಂಗಿ ಚಿಕ್ಕಿ, ಆಮೇಲೆ ಮೀಸೆ. ಮೀಸೆಗೆ ಈಗ ಮೀಸೆ ಇಲ್ಲ. ಹೆಂಡತಿ ಬೋಳಿಸಿಬಿಟ್ಟಳು. ಹೆಸರು ಮಾತ್ರ ಉಳಿದುಕೊಂಡಿದೆ.

ಮರಳಿನ ಮೇಲೆ ಇಳಿಯುವುದಕ್ಕೆ ನಮ್ಮದೇ ಒಂದು ಕ್ರಮ ಇದೆ. ಮೊದಲು ಹೋದವರು ಇಳಿಯುವ ಹಾಗೆ ಕೆಳಗೆ ಬಂದು, ಚಕ್ರಗಳನ್ನು ಮರಳಿಗೆ ಒತ್ತಿ, ನಿಲ್ಲದೆ ಮತ್ತೆ ಮೇಲೇಳಬೇಕು. ಒಂದು ಸುತ್ತು ಹಾಕಿ ಬಂದು, ಚಕ್ರ ಬಿದ್ದ ಗೆರೆಯನ್ನು ಮೇಲಿಂದ ನೋಡಬೇಕು. ಗೆರೆ ಒಣಗಿದ ಹಾಗೆ ಮಂಕಾಗಿ ಕಂಡರೆ ಮರಳು ಗಟ್ಟಿ, ಇಳಿಯಬಹುದು. ಹೊಳೆದರೆ ಗೆರೆಯೊಳಗೆ ನೀರು ಬಂದಿದೆ ಅಂತ ಅರ್ಥ, ಕೆಳಗೆ ಮೆತ್ತಗಿದೆ, ಮನೆಗೆ ಹೋಗಿ ಮಲಗಿ. ಗಟ್ಟಿ ಇದ್ದರೆ ಅವರು ಇಳಿದು ರೇಡಿಯೋದಲ್ಲಿ ‘ಗೆರೆ ಗಟ್ಟಿ, ಬಾ’ ಅನ್ನುತ್ತಾರೆ. ಹಿಂದಿನವರು ಅದೇ ಗೆರೆಯ ಮೇಲೆ ಇಳಿಯುತ್ತಾರೆ. ಇಷ್ಟೇ.

ಅಪಘಾತ ಆದ ದಿನ ನನ್ನ ವಿಮಾನದ ಎಂಜಿನ್ ಬಿಚ್ಚಿಟ್ಟಿದ್ದರು. ನಾನು ಆಫೀಸಿನಲ್ಲಿ ರೇಡಿಯೋ ಮುಂದೆ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದೆ. ಟಪಾಲು ಚೀಲ ಹಾಕಿಕೊಂಡು ಎರಡು ಸೀಟಿನ ಸಣ್ಣ ವಿಮಾನದಲ್ಲಿ ಮೀಸೆ ಮುಂದೆ ಹೋಗಿದ್ದ. ಅವನ ಹಿಂದೆ ನಾಲ್ಕು ಸೀಟಿನದರಲ್ಲಿ ಚಿಕ್ಕಿ, ಜೊತೆಗೆ ನರ್ಸಮ್ಮ ಮತ್ತು ಅವರ ಲಸಿಕೆಯ ಪೆಟ್ಟಿಗೆಗಳು. ನರ್ಸಮ್ಮ ವಾರಕ್ಕೊಂದು ಸಲ ದ್ವೀಪಕ್ಕೆ ಹೋಗಿ ಬಸುರಿಯರನ್ನೂ ಮಕ್ಕಳನ್ನೂ ನೋಡಿಕೊಂಡು ಬರುವವರು. ದೋಣಿ ಹತ್ತಿದರೆ ಅವರಿಗೆ ಹೊಟ್ಟೆ ತೊಳಸುತ್ತದೆ, ಹಾಗಾಗಿ ನಮ್ಮ ಕಾಯಂ ಗಿರಾಕಿ.

‘ಗೆರೆ ಗಟ್ಟಿ, ಬಾ’ ಅಂದ ಮೀಸೆ.

‘ಬಂದೆ’ ಅಂದಳು ಚಿಕ್ಕಿ.

ಆಮೇಲೆ ರೇಡಿಯೋ ಸುಮ್ಮನಾಯಿತು. ಆಮೇಲೆ ಮೀಸೆಯ ಗಂಟಲು, ‘ಅಯ್ಯೋ, ಅಯ್ಯೋ, ಬಿತ್ತು’ ಅಂತ. ಕತ್ತರಿ ಎಲ್ಲಿ ಬಿತ್ತೋ ಇವತ್ತಿನವರೆಗೂ ಸಿಕ್ಕಿಲ್ಲ.

ಓಡುತ್ತಿದ್ದ ವಿಮಾನದ ಮುಂದಿನ ಚಕ್ರ ಮರಳಿನಲ್ಲಿ ಕಚ್ಚಿಕೊಂಡಿತ್ತು. ಮೂಗು ನೆಲಕ್ಕೆ, ಬಾಲ ಆಕಾಶಕ್ಕೆ, ಆಮೇಲೆ ಪೂರ್ತಿ ಅಂಗಾತ. ಚಿಕ್ಕಿಗೆ ಹಣೆಯ ಮೇಲೆ ಒಂದು ಗೀರು. ನರ್ಸಮ್ಮನಿಗೆ ಹೆಗಲ ಮುಂದಿನ ಮೂಳೆ ಮುರಿಯಿತು. ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡುತ್ತಲೇ ‘ಪೆಟ್ಟಿಗೆ ಒಡೆದಿಲ್ಲ ತಾನೇ?’ ಅಂತ ಕೇಳಿದರಂತೆ ಆ ತಾಯಿ.

ಮಾರನೇ ದಿನದಿಂದ ಶುರುವಾಯಿತು ನೋಡಿ, ನಾನಲ್ಲ ನಾನಲ್ಲ ಅನ್ನುವ ಆಟ.

ಮೀಸೆ ಅಂದ, ‘ನಾನು ಗಟ್ಟಿ ಅಂದಿದ್ದು ನನ್ನ ವಿಮಾನದ ಭಾರಕ್ಕೆ. ನನ್ನದು ಹಗುರ. ಅವಳದು ಭಾರ. ಅದು ಅವಳಿಗೆ ಗೊತ್ತಿರಬೇಕಾಗಿತ್ತು.’

‘ಹಾಗಾದರೆ ಬಾ ಅಂತ ಯಾಕೆ ಕರೆದೆ? ಹಗುರ ಇದ್ದರೆ ಬಾ ಅನ್ನಬೇಕಿತ್ತು’ ಅಂದೆ ನಾನು.

‘ಇಷ್ಟು ವರ್ಷ ಹಾಗೇ ತಾನೇ ಕರೆದಿರೋದು ಅಕ್ಕಾ?’ ಅಂದ. ನನಗಿಂತ ದೊಡ್ಡವನು, ಸಿಕ್ಕಿಬಿದ್ದಾಗ ಮಾತ್ರ ನಾನು ಅಕ್ಕ.

ಮಾವ ಎರಡೂ ಕೈ ಮೇಲೆತ್ತಿಬಿಟ್ಟರು. ‘ಮರಳು ಕಣಮ್ಮಾ, ಮರಳು. ಸಮುದ್ರ ರಾತ್ರಿ ಏನು ಮಾಡುತ್ತೋ ಯಾರಿಗೆ ಗೊತ್ತು? ಇದರಲ್ಲಿ ಯಾರ ತಪ್ಪೂ ಇಲ್ಲ.’ ಅಷ್ಟು ಹೇಳಿ ಕೈ ತೊಳೆದುಕೊಂಡರು. ಆದರೆ ತನಿಖೆಗೆ ಸಾಹೇಬರು ಬರುತ್ತಾರೆ ಅಂತ ಫೋನ್ ಬಂದ ಮೇಲೆ ಅವರ ರಾಗ ಬದಲಾಯಿತು. ‘ಹುಡುಗಿ ಇನ್ನೂ ಹೊಸಬಳು, ಅನುಭವ ಸಾಲದು ಅಂದುಬಿಟ್ಟರೆ ಕಂಪನಿ ಉಳಿಯುತ್ತೆ’ ಅಂತ ನನ್ನ ಕಿವಿಯಲ್ಲಿ ಊದಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಸ್ವಂತ ಅಕ್ಕನ ಮಗಳನ್ನು ನೀರಿಗೆ ತಳ್ಳಿ ದೋಣಿ ಉಳಿಸಿಕೊಳ್ಳುವ ಯೋಚನೆ! ಬಾಯಿಗೆ ಬಂದದ್ದೆಲ್ಲ ಅಂದೆ, ಆಫೀಸಿನ ಗಾಜು ಅದುರುವ ಹಾಗೆ.

ಪೈಲಟ್ ತಪ್ಪು ಅಂತ ಸಾಹೇಬರು ತೀರ್ಮಾನಿಸಿದರೆ ಚಿಕ್ಕಿಯ ಲೈಸೆನ್ಸ್ ಹೋಗುತ್ತದೆ. ಅದಕ್ಕಾಗಿ ಅವಳು ಎಷ್ಟು ಒದ್ದಾಡಿದ್ದಾಳೆ ಅಂತ ನನಗೆ ಗೊತ್ತು, ಕಲಿಸಿದವಳೇ ನಾನು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕೊರೆಯುತ್ತಿದ್ದದ್ದು ಅವಳ ಮೌನ. ಅಪಘಾತವಾದಾಗಿನಿಂದ ವಿಮಾನದ ಹತ್ತಿರ ಸುಳಿದಿರಲಿಲ್ಲ. ಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವುದು, ಮಡಚಿದ ಬಟ್ಟೆಯನ್ನೇ ಬಿಡಿಸಿ ಮಡಚುವುದು. ‘ನಿನ್ನ ತಪ್ಪಿಲ್ಲ ಬಿಡೇ’ ಅಂದರೆ ‘ಹೂಂ’ ಅನ್ನುವಳು. ಅಮ್ಮ ಅಂದರೂ ಹೂಂ, ಮಾವ ಅಂದರೂ ಹೂಂ. ಒಂದು ದಿನ ತಟ್ಟೆಯ ಮುಂದೆ ಕೂತು, ‘ಎಲ್ಲರೂ ನನ್ನ ತಪ್ಪಿಲ್ಲ ಅಂತೀರಿ. ಹಾಗಾದರೆ ನನ್ನ ಕೈ ಯಾಕೆ ನಡುಗುತ್ತೆ?’ ಅಂತ ಕೇಳಿದಳು. ನಾನು ಅನ್ನ ಹಾಕಿ, ‘ತಿನ್ನು, ನಿಲ್ಲುತ್ತೆ’ ಅಂದೆ. ನನ್ನ ಬುದ್ಧಿಗೆ ಅಷ್ಟೇ ಹೊಳೆದದ್ದು.

ಇವಳನ್ನು ನಾನು ಉಳಿಸಿಯೇ ಸೈ ಅಂತ ಮನಸ್ಸಿನಲ್ಲೇ ಗಂಟು ಹಾಕಿಕೊಂಡೆ.

ಸಾಹೇಬರು ಬಂದರು. ಸಣ್ಣ ಆಳು, ಇಸ್ತ್ರಿ ಮಾಡಿದ ಅಂಗಿ, ಮಾತು ಕಡಿಮೆ. ಇಂಥವರನ್ನು ಕಂಡರೆ ನನಗೆ ಆಗುವುದಿಲ್ಲ. ಕೂಗಾಡುವವರನ್ನು ಕೂಗಿ ಗೆಲ್ಲಬಹುದು, ಸುಮ್ಮನಿರುವವರನ್ನು ಏನು ಮಾಡುತ್ತೀರಿ? ನಾನು ಮಾತ್ರ ವಕೀಲರ ಹಾಗೆ ನಿಂತು ಹೇಳಿಯೇ ಹೇಳಿದೆ. ಮೊದಲ ವಿಮಾನ ಮರಳಿನ ಮೇಲ್ಪದರ ಒಡೆಯುತ್ತದೆ, ಎರಡನೆಯದು ಅದೇ ಗೆರೆಯಲ್ಲಿ ಇಳಿದರೆ ಹೂತುಕೊಳ್ಳದೆ ಇನ್ನೇನು? ಆ ಪದ್ಧತಿ ಅವಳು ಮಾಡಿದ್ದಲ್ಲ, ನಾವು ಹಿರಿಯರು ಮಾಡಿದ್ದು. ಹಿರಿಯ ಪೈಲಟ್ ಬಾ ಅಂದ, ಬಂದಳು. ಮೇಲಿಂದ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ.

‘ನಿಮಗೂ?’ ಅಂದರು ಸಾಹೇಬರು.

‘ನನಗೂ. ಬೇಕಾದರೆ ಬನ್ನಿ, ಕೂರಿಸಿಕೊಂಡು ಹೋಗಿ ತೋರಿಸುತ್ತೇನೆ.’

‘ಆಗಲಿ’ ಅಂದುಬಿಟ್ಟರು.

ಮಾರನೇ ದಿನ ಬೆಳಿಗ್ಗೆ ನೀರು ಇಳಿಯುವ ಹೊತ್ತಿಗೆ ಹೊರಟೆವು. ಮೀಸೆಗೆ ಮೊದಲೇ ಹೇಳಿದ್ದೆ: ಆವತ್ತು ಹೇಗೆ ಗೆರೆ ಎಳೆದೆಯೋ ಹಾಗೇ ಎಳಿ, ಹಾಗೇ ಕರಿ. ಎಂಜಿನ್ ಮತ್ತೆ ಕೂರಿಸಿದ್ದ ನನ್ನ ವಿಮಾನದಲ್ಲಿ ಪಕ್ಕದ ಸೀಟಿಗೆ ಸಾಹೇಬರು. ಹಿಂದಿನ ಸೀಟಿಗೆ ಚಿಕ್ಕಿಯನ್ನು ಎಳೆದುಕೊಂಡೇ ಬಂದಿದ್ದೆ. ಅವಳ ತಪ್ಪಿಲ್ಲ ಅಂತ ರುಜುವಾತಾಗುವುದನ್ನು ಅವಳು ಕಣ್ಣಾರೆ ನೋಡಲಿ, ಕೈ ನಡುಕ ನಿಲ್ಲಲಿ ಅಂತ.

ಬಿಸಿಲು ಚೆನ್ನಾಗಿತ್ತು. ದಂಡೆ ಕಂಬಳಿ ಕೊಡವಿ ಹಾಸಿದ ಹಾಗೆ ಬಿದ್ದುಕೊಂಡಿತ್ತು. ಮೀಸೆ ಗೆರೆ ಎಳೆದ, ಸುತ್ತು ಹಾಕಿದ, ಇಳಿದ, ದಂಡೆಯ ಅಂಚಿನ ಮರಳು ದಿಬ್ಬದ ಪಕ್ಕಕ್ಕೆ ಸರಿದು ನಿಂತ. ‘ಗೆರೆ ಗಟ್ಟಿ, ಬಾ’ ಅಂದ. ನಾನು ಸಾಹೇಬರ ಕಡೆ ತಿರುಗಿ, ‘ಕೇಳಿಸಿತಾ? ಇಷ್ಟೇ ನೋಡಿ, ಇಷ್ಟು ಹೇಳಿದ ಮೇಲೆ ಯಾರಾದರೂ ಇಳಿಯುತ್ತಾರೆ’ ಅಂದೆ. ಅವರು ತಲೆ ಆಡಿಸಿದರು.

ಎಂಜಿನ್ ತಗ್ಗಿಸಿ ಕೆಳಗೆ ಇಳಿಯುತ್ತ ಬಂದೆ. ಗೆರೆ ನೇರವಾಗಿ, ಮಂಕಾಗಿ, ಎಷ್ಟು ಬೇಕೋ ಅಷ್ಟು ಚೆನ್ನಾಗಿ ಬರುತ್ತಿತ್ತು. ಇನ್ನೇನು ಚಕ್ರ ಮರಳು ಮುಟ್ಟಬೇಕು, ಗೆರೆಯ ನಡುವಿನಲ್ಲಿ, ದಿಬ್ಬದ ಬುಡದಿಂದ ನೀರು ಒಸರುವ ಜಾಗದಲ್ಲಿ, ಒಂದು ತುಂಡು ಹೊಳೆಯಿತು. ಬಹಳವೇನಲ್ಲ. ಒದ್ದೆ ಬೆರಳಿನಿಂದ ಸವರಿದಷ್ಟು.

ಯೋಚನೆ ಮಾಡಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ನನ್ನ ಕೈ ಎಂಜಿನ್ನಿನ ಹಿಡಿಯನ್ನು ಪೂರ್ತಿ ಮುಂದಕ್ಕೆ ಒತ್ತಿಯಾಗಿತ್ತು. ವಿಮಾನ ಗರ್ಜಿಸಿ ಮೇಲೆದ್ದಿತು. ಮೀಸೆಯ ತಲೆಯ ಮೇಲೇ ಹಾದುಹೋದೆವು. ರೇಡಿಯೋದಲ್ಲಿ ಅವನು, ‘ಏನಾಯ್ತೇ? ಗಟ್ಟಿ ಇದೆ ಅಂದೆನಲ್ಲ!’ ಅಂತ ಕಿರುಚಿದ.

ಮೇಲೆ ಬಂದ ಮೇಲೆ ಸಾಹೇಬರು ಬಹಳ ಮೆಲ್ಲಗೆ ಕೇಳಿದರು, ‘ಯಾಕೆ ಇಳಿಯಲಿಲ್ಲ?’

ಆಗ ತಿಳಿಯಿತು ನನಗೆ, ನಾನು ಏನು ಮಾಡಿಕೊಂಡೆ ಅಂತ. ತಂಗಿಗಾಗಿ ಕಟ್ಟಿದ ಗೋಡೆಯನ್ನು ಇದೇ ಕೈಯಿಂದ ಕೆಡವಿಬಿಟ್ಟಿದ್ದೆ. ಮೇಲಿಂದ ಯಾರಿಗೂ ಗೊತ್ತಾಗುವುದಿಲ್ಲ ಅಂದವಳು ನಾನೇ. ಕಂಡದ್ದೂ ನನಗೇ. ಗಾಳಿ ಬೀಸಿತು ಅನ್ನಬಹುದಿತ್ತು. ಹಕ್ಕಿ ಅಡ್ಡ ಬಂತು ಅನ್ನಬಹುದಿತ್ತು. ಆ ಮನುಷ್ಯನಿಗೆ ಏನು ಗೊತ್ತಾಗುತ್ತೆ? ನಾಲಿಗೆಯ ತುದಿಗೆ ‘ಗಾಳಿ’ ಬಂದು ಕೂತೂ ಇತ್ತು. ದೇವರಾಣೆ, ಹೇಳಿಬಿಡುತ್ತಿದ್ದೆ.

‘ಗೆರೆ ಹೊಳೀತು’ ಅಂದಳು ಚಿಕ್ಕಿ ಹಿಂದಿನಿಂದ. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಅವಳ ದನಿ ಪಕ್ಕದಲ್ಲೇ ಕೂತ ಹಾಗೆ ಕೇಳಿಸಿತು. ‘ದಿಬ್ಬದ ಹತ್ತಿರ. ಅದಕ್ಕೆ ಅಕ್ಕ ಎತ್ತಿದಳು. ಆವತ್ತೂ ಅಲ್ಲೇ ಹೊಳೀತಿತ್ತು ಸಾರ್. ನಾನು ನೋಡಿದ್ದೆ.’

‘ಚಿಕ್ಕೀ, ಬಾಯಿ ಮುಚ್ಚು!’ ಅಂತ ನಾನು ಅರಚಿದೆ.

‘ನೋಡಿದ್ದೆ ಅಕ್ಕ.’

ಸಾಹೇಬರು ಹಿಂದಕ್ಕೆ ತಿರುಗಿ ಕೂತರು. ‘ನೋಡಿದ ಮೇಲೂ ಯಾಕಮ್ಮಾ ಇಳಿದೆ?’

‘ಚಹಾ’ ಅಂದಳು.

ಸಾಹೇಬರಿಗೆ ಏನು ಅರ್ಥವಾದೀತು? ನನಗೆ ಅರ್ಥವಾಯಿತು. ನಮ್ಮ ಆಫೀಸಿನಲ್ಲಿ ಒಂದು ತಮಾಷೆ ಇತ್ತು. ಗೆರೆ ಗಟ್ಟಿ ಅಂತ ಕರೆದ ಮೇಲೂ ಇಳಿಯದೆ ಸುತ್ತು ಹಾಕಿದವರು ಆವತ್ತು ಎಲ್ಲರಿಗೂ ಚಹಾ ಕೊಡಿಸಬೇಕು. ಯಾರು ಶುರು ಮಾಡಿದ್ದೋ ಯಾರಿಗೂ ನೆನಪಿಲ್ಲ. ‘ಬಂದರಪ್ಪಾ ಪುಕ್ಕಲು ರಾಣಿ, ಸಕ್ಕರೆ ಜಾಸ್ತಿ ಹಾಕಿಸು’ ಅಂತ ಮೀಸೆ ಮೇಜು ಬಡಿಯುತ್ತಿದ್ದ. ಮಾವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಪಘಾತದ ಹಿಂದಿನ ವಾರವೆಲ್ಲ ಚಿಕ್ಕಿಯೇ ಕೊಡಿಸಿದ್ದಳು. ಚಹಾದ ಜೊತೆ ನಾನು ಅವಳಿಂದ ಬಿಸ್ಕತ್ತನ್ನೂ ತರಿಸಿಕೊಂಡಿದ್ದೆ.

ಇದನ್ನೆಲ್ಲ ಸಾಹೇಬರಿಗೆ ನಾನೇ ಬಿಡಿಸಿ ಹೇಳಿದೆ. ಹೇಳಿ, ‘ಹಾಗಾದರೆ ಇದರಲ್ಲಿ ನಮಗೆಲ್ಲ ಪಾಲಿದೆ. ನನಗೂ ಶಿಕ್ಷೆ ಹಾಕಿ, ಮೀಸೆಗೂ ಹಾಕಿ, ಮಾವನಿಗೂ ಹಾಕಿ. ಇವಳೊಬ್ಬಳ ತಲೆಗೆ ಕಟ್ಟಬೇಡಿ’ ಅಂದೆ.

‘ನಿಮಗೆಲ್ಲ ಹೇಳುವುದು ಹೇಳುತ್ತೇನೆ, ಬಿಡುವುದಿಲ್ಲ. ಆ ಪದ್ಧತಿ ಇವತ್ತಿಗೇ ನಿಲ್ಲಬೇಕು’ ಅಂದರು ಸಾಹೇಬರು. ‘ಆದರೆ ಆಸ್ತಿ ಭಾಗ ಮಾಡಿದ ಹಾಗೆ ಹೊಣೆಯನ್ನು ಹರಿದು ಹಂಚುವುದಕ್ಕೆ ಆಗುವುದಿಲ್ಲಮ್ಮ. ಆವತ್ತು ಹಿಡಿ ಯಾರ ಕೈಯಲ್ಲಿತ್ತು?’

‘ನನ್ನ ಕೈಯಲ್ಲಿ’ ಅಂದಳು ಚಿಕ್ಕಿ.

ವಾಪಸ್ ಊರಿಗೆ ಬಂದೆವು. ನಮ್ಮ ರನ್‌ವೇಯಲ್ಲಿ ಇಳಿದು, ಸಾಹೇಬರು ಆಫೀಸಿನ ಕಡೆ ಹೋದ ಕೂಡಲೇ ನಾನು ಅವಳ ರಟ್ಟೆ ಹಿಡಿದುಕೊಂಡೆ. ‘ನಿನಗೇನು ದೆವ್ವ ಮೆಟ್ಟಿಕೊಂಡಿತ್ತೇನೇ? ನಾನು ಇಷ್ಟೆಲ್ಲ ಬಡಿದಾಡಿದ್ದು ಯಾರಿಗೋಸ್ಕರ? ಸುಮ್ಮನೆ ಕೂತಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಲೈಸೆನ್ಸ್ ಹೋಯಿತಲ್ಲೇ, ಕತ್ತೆ!’

‘ಅಕ್ಕ, ನೀನು ಎತ್ತಿದೆಯಲ್ಲ’ ಅಂದಳು. ‘ಅವನು ಬಾ ಅಂತಿದ್ದ, ಪಕ್ಕದಲ್ಲಿ ಸಾಹೇಬರು ಕೂತಿದ್ದರು, ಇಳಿದಿದ್ದರೆ ನೀನು ಗೆಲ್ಲುತ್ತಿದ್ದೆ. ಆದರೂ ಎತ್ತಿದೆ. ಅಂದರೆ ಎತ್ತಬಹುದಿತ್ತು. ನಾನೂ ಎತ್ತಬಹುದಿತ್ತು. ಇಷ್ಟು ದಿನ ನೀವೆಲ್ಲ ನನ್ನ ಕೈಯಲ್ಲಿ ಏನೂ ಇರಲಿಲ್ಲ ಅಂತ ಹೇಳ್ತಾ ಇದ್ದಿರಿ. ಏನೂ ಇರಲಿಲ್ಲ ಅಂದರೆ ನಾಳೆನೂ ಇರಲ್ಲ. ಆಮೇಲೆ ಯಾವ ಧೈರ್ಯದ ಮೇಲೆ ಹತ್ತಲಿ?’

ನಾನು ಅವಳ ರಟ್ಟೆ ಬಿಟ್ಟೆ.

ಆಫೀಸಿನಲ್ಲಿ ಆಗಬೇಕಾದ್ದೆಲ್ಲ ಆಯಿತು. ಚಿಕ್ಕಿಯ ಲೈಸೆನ್ಸನ್ನು ಆರು ತಿಂಗಳು ತಡೆಹಿಡಿದರು, ಆಮೇಲೆ ಮತ್ತೆ ಪರೀಕ್ಷೆ ಕೊಟ್ಟು ಪಾಸಾಗಬೇಕು. ಒಬ್ಬರ ಗೆರೆಯ ಮೇಲೆ ಇನ್ನೊಬ್ಬರು ಇಳಿಯುವ ಹಾಗಿಲ್ಲ, ಪ್ರತಿಯೊಬ್ಬರೂ ತಮ್ಮ ಗೆರೆ ತಾವೇ ಎಳೆದು ನೋಡಬೇಕು ಅಂತ ಕಟ್ಟಪ್ಪಣೆಯಾಯಿತು. ಮೀಸೆಗೆ ಸಾಹೇಬರು ಬಾಗಿಲು ಹಾಕಿಕೊಂಡು ಏನು ಹೇಳಿದರೋ, ಹೊರಗೆ ಬಂದಾಗ ಅವನ ಮುಖ ಬೇಯಿಸಿದ ಗೆಣಸಿನ ಹಾಗಿತ್ತು. ಚಿಕ್ಕಿಯ ಮುಂದೆ ನಿಂತು, ‘ನಾನು ಆ ಜಾಗ ಸರಿಯಾಗಿ ನೋಡೇ ಇರಲಿಲ್ಲ ಕಣೇ’ ಅಂದ. ನಾನು ಮಾವನಿಗೂ ಅವನಿಗೂ ಸೇರಿಸಿ ಹೇಳಿದೆ, ಇನ್ನು ಮೇಲೆ ಸುತ್ತು ಹಾಕಿ ಬಂದವರನ್ನು ಯಾರಾದರೂ ಪುಕ್ಕಲು ಅಂದರೆ ಅವರ ಹಲ್ಲು ಅವರ ಕೈಗೆ ಕೊಡುತ್ತೇನೆ ಅಂತ. ನನಗೂ ಸೇರಿಸಿಯೇ ಹೇಳಿಕೊಂಡೆ, ಆದರೆ ಅದನ್ನು ಜೋರಾಗಿ ಹೇಳಲಿಲ್ಲ.

ಸಂಜೆ ಚಿಕ್ಕಿ ಚಪ್ಪಲಿ ಮೆಟ್ಟಿಕೊಂಡು, ನರ್ಸಮ್ಮನ ಮನೆಗೆ ಹೋಗುತ್ತೇನೆ ಅಂದಳು. ಮಾವ ಹೌಹಾರಿದರು. ‘ಬೇಡಮ್ಮಾ! ಅವರ ಮುಂದೆ ಒಪ್ಪಿಕೊಂಡರೆ ನಾಳೆ ಕೋರ್ಟಿಗೆ ಹೋಗ್ತಾರೆ.’

‘ಹೋಗಲಿ ಮಾವ, ಅವರ ಮೂಳೆ’ ಅಂದು ಹೊರಟೇಬಿಟ್ಟಳು. ನಾನು ಹಿಂದೆಯೇ ಓಡಿದೆ. ಅವರು ಏನಾದರೂ ಅಂದರೆ ನಡುವೆ ನುಗ್ಗೋಣ ಅಂತ.

ನರ್ಸಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಎಡಗೈಯನ್ನು ಎದೆಗೆ ಕಟ್ಟಿಸಿಕೊಂಡು ಕೂತಿದ್ದರು. ಮೇಜಿನ ಮೇಲೆ ನೋಡಲು ಬಂದವರು ತಂದ ಹಣ್ಣಿನ ಗುಡ್ಡೆ. ಮಾವನದೂ ಇತ್ತು, ಮೀಸೆಯದೂ ಇತ್ತು, ನನ್ನದೂ ಇತ್ತು. ಚಿಕ್ಕಿ ಬರಿಗೈಯಲ್ಲಿ ಬಂದಿದ್ದಳು.

‘ಕೂತ್ಕೋ’ ಅಂದರು. ಅವಳು ಕೂರಲಿಲ್ಲ.

‘ಮರಳು ಮೆತ್ತಗಿದ್ದದ್ದು ನನಗೆ ಕಂಡಿತ್ತು. ಕಂಡರೂ ಇಳಿಸಿದೆ. ನಗ್ತಾರೆ ಅಂತ ಹೆದರಿದೆ. ಅದನ್ನ ಹೇಳೋಕೆ ಬಂದೆ’ ಅಂದಳು.

ನರ್ಸಮ್ಮ ಶುರು ಮಾಡಿದರು ನೋಡಿ! ನಾನು ಬೈಗುಳದಲ್ಲಿ ಪಳಗಿದವಳು, ನನಗೇ ಬೆವರು ಬಂತು. ‘ಕಂಡೂ ಇಳಿಸಿದೆಯಾ? ಯಾರೋ ಹಲ್ಲು ಕಿಸೀತಾರೆ ಅಂತ ನನ್ನ ಮೂಳೆ ಮುರಿದೆಯಾ? ನಾನು ಆ ಪೆಟ್ಟಿಗೆಗಳ ಜೊತೆ ಸತ್ತಿದ್ದರೆ? ನಿಮ್ಮಮ್ಮ ನಿನಗೆ ಅನ್ನ ಹಾಕಿದ್ದು ಇದಕ್ಕೇನೇ?’ ಒಂದೊಂದು ಮಾತಿಗೂ ಹೆಗಲು ನೋಯುತ್ತಿತ್ತು, ಹಲ್ಲು ಕಚ್ಚಿಕೊಂಡು ಮುಂದಿನದು ಹೇಳುತ್ತಿದ್ದರು. ನಾನು ನಡುವೆ ಬಾಯಿ ಹಾಕಲು ಹೋದೆ. ಚಿಕ್ಕಿ ನನ್ನ ಕೈ ಹಿಡಿದು ನಿಲ್ಲಿಸಿದಳು. ಅವಳ ಕೈ ಬೆಚ್ಚಗಿತ್ತು, ನಡುಗುತ್ತಿರಲಿಲ್ಲ.

ಬೈದು ಬೈದು ಸುಸ್ತಾಗಿ ನರ್ಸಮ್ಮ ಒರಗಿಕೊಂಡರು. ನೀರು ಕೇಳಿದರು. ಚಿಕ್ಕಿಯೇ ತಂದುಕೊಟ್ಟಳು.

‘ಎಲ್ಲರೂ ಬಂದರು’ ಅಂದರು, ಕುಡಿದು ಲೋಟ ಕೆಳಗಿಡುತ್ತ. ‘ನಿಮ್ಮ ಮಾವ ಸಮುದ್ರದ ತಪ್ಪು ಅಂದರು. ಆ ಇನ್ನೊಬ್ಬ ಭಾರದ ತಪ್ಪು ಅಂದ. ನಿನ್ನಕ್ಕ ಪದ್ಧತಿಯ ತಪ್ಪು ಅಂದಳು. ಇನ್ನು ಮುಗೀತು, ನಾನು ಆ ವಿಮಾನ ಹತ್ತಲ್ಲ ಅಂತ ಮನಸ್ಸಿನಲ್ಲೇ ಅಂದ್ಕೊಂಡಿದ್ದೆ. ಸಮುದ್ರದ ತಪ್ಪಾದರೆ ಸಮುದ್ರ ನಾಳೆನೂ ಅಲ್ಲೇ ಇರುತ್ತಲ್ಲ? ಮತ್ತೆ ಬೀಳಿಸುತ್ತೆ.’

ಚಿಕ್ಕಿ ಲೋಟ ಎತ್ತಿಟ್ಟಳು.

‘ನಿನ್ನ ತಪ್ಪಾದರೆ ನೀನು ಇನ್ನೊಂದು ಸಲ ಮಾಡದೆ ಇರಬಹುದು’ ಅಂದರು ನರ್ಸಮ್ಮ. ‘ಮತ್ತೆ ಯಾವಾಗಿಂದ ಹಾರಿಸ್ತೀಯ?’

‘ಆರು ತಿಂಗಳು ಬಿಟ್ಟು. ಪರೀಕ್ಷೆ ಪಾಸಾದರೆ.’

‘ಪಾಸಾಗು. ಅಲ್ಲಿವರೆಗೆ ದೋಣಿಯಲ್ಲಿ ಹೋಗಿಬರ್ತೀನಿ, ವಾಂತಿಯಾದರೆ ಆಗಲಿ. ಮೊದಲನೇ ದಿನ ನನಗೆ ಹೇಳಿ ಕಳಿಸು. ನಿನ್ನ ಪಕ್ಕದ ಸೀಟು ನನಗೆ.’

ಅಪಘಾತವಾದಾಗಿನಿಂದ ಒಂದು ಹನಿ ಕಣ್ಣೀರು ಹಾಕದವಳು ಅಲ್ಲೇ ನೆಲದ ಮೇಲೆ ಕೂತು, ನರ್ಸಮ್ಮನ ಸರಿಯಿದ್ದ ಕೈಗೆ ಮುಖ ಒತ್ತಿಕೊಂಡು ಗೊಳೋ ಅಂತ ಅತ್ತಳು. ನಾನೂ ಅತ್ತೆ, ಯಾಕೆ ಸುಳ್ಳು ಹೇಳಲಿ, ಅವಳಿಗಿಂತ ಜೋರಾಗಿಯೇ ಅತ್ತೆ. ನರ್ಸಮ್ಮ ನನ್ನ ಕಡೆ ನೋಡಿ, ‘ನಿನಗೇನಾಯ್ತೇ, ಹೋಗಿ ಮುಖ ತೊಳ್ಕೊಂಡು ಬಾ’ ಅಂದರು.